ಅರವತ್ತು ಡಿಗ್ರಿ

ಕಂಪ್ಯೂಟರು ಆರಿಹೋಗುವಾಗ ಒಂದು ಸದ್ದನ್ನಾದರೂ ಮಾಡುತ್ತಿದ್ದರೆ ಸೊಸೆಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಕಿರ್ರೆಂದು ಕೂಗಲಿ, ಸುಟ್ಟ ವಾಸನೆ ಬರಲಿ, ಒಂದು ಕಿಡಿಯಾದರೂ ಹಾರಲಿ. ಸಾಯುವವರು ತೋರಿಸುವ ಯಾವ ಸೌಜನ್ಯವನ್ನೂ ಅದು ತೋರಿಸುತ್ತಿರಲಿಲ್ಲ. ಫ್ಯಾನಿನ ಗುಂಯ್ ಸದ್ದು ತುಸು ಏರುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ಆ ಕಪ್ಪಿನಲ್ಲಿ ಅವಳಿಗೆ ಅವಳದೇ ಮುಖ ಕಾಣುತ್ತಿತ್ತು. ಬಾಯಿ ಅರ್ಧ ತೆರೆದ, ಬೈಗುಳ ಇನ್ನೂ ನಾಲಗೆಯ ಮೇಲೇ ಇರುವ ಮುಖ.

ಬೈಗುಳ ಹೊರಬರುವ ಹಾಗೂ ಇರಲಿಲ್ಲ. ಕಂಪ್ಯೂಟರು ಇದ್ದದ್ದು ನಡುಮನೆಯಲ್ಲಿ. ಒಂದು ಪಕ್ಕಕ್ಕೆ ಊಟದ ಮೇಜು, ಅಲ್ಲಿ ಪೇಪರ್ ಓದುವ ಮಾವ. ಇನ್ನೊಂದು ಪಕ್ಕಕ್ಕೆ ಅಡುಗೆಮನೆಯ ಬಾಗಿಲು, ಅಲ್ಲಿ ಅತ್ತೆ. ಅತ್ತೆಮಾವಂದಿರ ನಡುವೆ ಕೂತ ಸೊಸೆ ಯಂತ್ರವನ್ನು ಬೈದರೂ, ಅದು ಯಾರಿಗೆ ಅಂದದ್ದು ಎಂದು ಆಮೇಲೆ ವಿಚಾರಣೆ ನಡೆಯುತ್ತದೆ.

ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಮಾಡುವುದು ಅವಳ ಕೆಲಸ. ಆರ್ಕಿಟೆಕ್ಟ್ ನಕ್ಷೆ ಕೊಡುತ್ತಾರೆ. ಅವಳು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ನೆಲ ಹಾಸಿ, ಕಿಟಕಿಯಿಂದ ಬಿಸಿಲು ಬಿಟ್ಟು, ನೋಡಿದವರು ‘ಈ ಫೋಟೋ ಯಾವಾಗ ತೆಗೆದದ್ದು’ ಎಂದು ಕೇಳುವ ಹಾಗೆ ಮಾಡುತ್ತಾಳೆ. ಆರ್ಕಿಟೆಕ್ಟರ ಆಫೀಸಿನಲ್ಲಿದ್ದಷ್ಟು ಕಾಲ ಅವಳ ಪಾಲಿಗೆ ಬಂದದ್ದೆಲ್ಲ ಬಚ್ಚಲುಮನೆಗಳೇ. ಹೋಟೆಲಿನ ಬಚ್ಚಲು, ಬ್ಯಾಂಕಿನ ಬಚ್ಚಲು, ಮದುವೆ ಹಾಲಿನ ಹತ್ತಾರು ಬಚ್ಚಲು. ಚಿತ್ರದ ಮೂಲೆಯಲ್ಲಿ ಹೆಸರು ಮಾತ್ರ ಆಫೀಸಿನ ಸೀನಿಯರನದು. ಬಚ್ಚಲಿಗೂ ಹೆಸರು ಹಾಕಿಕೊಳ್ಳುವ ಮನುಷ್ಯ ಅವನು. ಕೊನೆಗೆ, ಮನೆಯಲ್ಲೇ ಕೂತು ಸ್ವಂತಕ್ಕೆ ಮಾಡುತ್ತೇನೆ ಎಂದು ಹೊರಬಂದ ಮೇಲೆ, ಮೊದಲ ಸಲ ಮನುಷ್ಯರು ಮಲಗಿ ಏಳುವ ಜಾಗವೊಂದು ಅವಳ ಕೈಗೆ ಬಂದಿತ್ತು. ಆಸ್ಪತ್ರೆಯೊಂದರ ಮಕ್ಕಳ ವಾರ್ಡು. ಅದೂ ಬರೀ ಚಿತ್ರವಲ್ಲ, ಪುಟ್ಟ ಸಿನಿಮಾ. ಬೆಳಗಿನ ಬಿಸಿಲು ಬಾಗಿಲ ಬಳಿಯ ಮಂಚದ ಮೇಲೆ ಬಿದ್ದು, ನೆಲದ ಮೇಲೆ ಮೆಲ್ಲಗೆ ಸರಿದು, ಸಂಜೆ ಕೊನೆಯ ಮಂಚದ ಹೊದಿಕೆಯ ತುದಿಯಲ್ಲಿ ಮಾಯವಾಗಬೇಕು. ಮೂಲೆಯಲ್ಲಿ ಅವಳ ಹೆಸರು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಮಿಟಿ ಕೂರುವುದಿತ್ತು. ಆರ್ಕಿಟೆಕ್ಟ್ ಬಹಳ ನಯವಾದ ಮನುಷ್ಯ; ಕತ್ತು ಕೊಯ್ಯುವಾಗಲೂ ಮೊದಲು ಕಾಲರ್ ಸರಿಮಾಡುವವರು. “ನಿಮಗೆ ಕಷ್ಟ ಆಗೋದಾದ್ರೆ ಭಾನುವಾರದ ಒಳಗೆ ಹೇಳ್ಬಿಡಿಮ್ಮಾ. ನಮ್ಮ ಸೀನಿಯರೇ ಹೇಗೋ ಮುಗಿಸ್ತಾರೆ. ನಿಮಗೆ ಆಮೇಲೆ ಸಣ್ಣಪುಟ್ಟದ್ದು ಏನಾದ್ರೂ ಕೊಡೋಣ,” ಎಂದಿದ್ದರು. ಸಣ್ಣಪುಟ್ಟದ್ದು ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೊಂದು ಕನ್ನಡಿ, ಒಂದು ನಲ್ಲಿ, ಒಂದು ಫ್ಲಶ್ ಇರುತ್ತದೆ.

ಬಿಸಿಲು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆ ಎಂದು ಸಿನಿಮಾದ ಒಂದೊಂದು ಚಿತ್ರಕ್ಕೂ ಲೆಕ್ಕ ಹಾಕಲು ಕಂಪ್ಯೂಟರು ಎಡೆಬಿಡದೆ ಬೆವರು ಸುರಿಸಬೇಕು. ಇದಕ್ಕೆ ಅವರ ಕಸುಬಿನಲ್ಲಿ ರೆಂಡರಿಂಗ್ ಅನ್ನುತ್ತಾರೆ. ಅದು ಶುರುವಾಗಿ ತುಸು ಹೊತ್ತಾಗುವುದೇ ತಡ, ಯಂತ್ರ ಕಣ್ಣು ಮುಚ್ಚುತ್ತಿತ್ತು. ಮತ್ತೆ ಎಬ್ಬಿಸಿದರೆ ಒಂದೆರಡು ಚಿತ್ರ ಮುಗಿಸಿ ಮತ್ತೆ ಕಣ್ಣು ಮುಚ್ಚುತ್ತಿತ್ತು. ಈ ಲೆಕ್ಕದಲ್ಲಿ ಹೋದರೆ ಸಿನಿಮಾ ಮುಗಿಯುವಷ್ಟರಲ್ಲಿ ವಾರ್ಡಿನ ಮಕ್ಕಳಿಗೆ ಮೀಸೆ ಬಂದಿರುತ್ತಿತ್ತು.

ಇದಕ್ಕಿಂತ ಉರಿಯುತ್ತಿದ್ದದ್ದು ಇನ್ನೊಂದು ಮಾತು. ಅದೇ ಕಂಪ್ಯೂಟರಿನಲ್ಲಿ ಗಂಡ ಬೈಕುಗಳ ವಿಡಿಯೋ ನೋಡುತ್ತಿದ್ದ, ಮಾವ ಚೆಸ್ ಆಡುತ್ತಿದ್ದರು. ಅವರಿಗೆ ಅದು ಒಂದು ಸಲವೂ ಕೈಕೊಟ್ಟಿರಲಿಲ್ಲ.

“ನಮಗೆ ಆಗಲ್ವಲ್ಲ,” ಅನ್ನುತ್ತಿದ್ದ ಗಂಡ. “ನೀನು ಜಾಸ್ತಿ ವಿಂಡೋ ಓಪನ್ ಇಟ್ಕೋತೀಯ ಕಣೇ.”

“ಒಂದೇ ರೀ ಇಟ್ಕೊಂಡಿರೋದು.”

“ಒಂದೇ ಇದ್ರೂ ಅದು ಭಾರದ್ದಾಗಿರುತ್ತೆ.”

ಯಾವ ವಿಷಯಕ್ಕಾದರೂ ಫೋನಿನಲ್ಲಿ ಅರ್ಧ ಲೇಖನ ಓದಿ, ಉಳಿದರ್ಧವನ್ನು ಆತ್ಮವಿಶ್ವಾಸದಿಂದ ತುಂಬಿಕೊಳ್ಳುವ ಜಾತಿಯ ಗಂಡ ಅವನು. ಅವನ ಸಲಹೆಯಂತೆ ಗೋಡೆಯ ಪ್ಲಗ್ ಬದಲಾಯಿತು, ವೈರು ಬದಲಾಯಿತು, ಮೇಜು ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಗೆ ಹೋಯಿತು. ಆಮೇಲೆ ರಿಪೇರಿಯವನು ಬಂದ. ಮೊದಲ ಸಲ ಪವರ್ ಸಪ್ಲೈ ಹೋಗಿದೆ ಎಂದು ಬೇರೆ ಹಾಕಿದ. ಎರಡನೆಯ ಸಲ ಫ್ಯಾನು ಬಿಚ್ಚಿ, ಬ್ರಶ್ಶಿನಲ್ಲಿ ಧೂಳು ಹೊಡೆದು, ಪ್ರೊಸೆಸರಿನ ನೆತ್ತಿಗೆ ಬಿಸಿ ಎಳೆಯುವ ಹೊಸ ಪೇಸ್ಟು ಮೆತ್ತಿ, “ಇನ್ನು ಇದು ಆಫಾದ್ರೆ ನನ್ನ ಹೆಸರು ಬೇರೆ ಇಡಿ ಅಕ್ಕಾ,” ಎಂದ. ಅವನು ಗೇಟು ದಾಟುವ ಮೊದಲೇ ಅದು ಆಫಾಯಿತು. ಅಂದಿನಿಂದ ಅವನಿಗೆ ಫೋನು ಮಾಡುವಾಗ ಏನೆಂದು ಕರೆಯುವುದು ಎಂಬ ಹೊಸ ಸಮಸ್ಯೆಯೂ ಅವಳ ತಲೆಗೆ ಬಿತ್ತು.

ಇಷ್ಟೆಲ್ಲ ನಡೆಯುವಾಗ ಮಾವ ಊಟದ ಮೇಜಿನ ಬಳಿ ಇದ್ದೇ ಇದ್ದರು. ಪರದೆ ಕಪ್ಪಾದಾಗಲೆಲ್ಲ ಪೇಪರಿನ ಅಂಚಿನಿಂದ ಇಣುಕಿ, “ಹೂಂ, ಆಫಾಯ್ತು,” ಎಂದು ಪುಟ ತಿರುವುತ್ತಿದ್ದರು. ಆ ದನಿಯಲ್ಲಿ ಏನೋ ತೃಪ್ತಿಯಿದೆ ಎಂದು ಸೊಸೆಗೆ ಅನ್ನಿಸಿತ್ತು. ಹಿರಿಯರ ಮೇಲೆ ಇಲ್ಲದ್ದು ಹೊರಿಸಬಾರದು ಎಂದು ತನ್ನನ್ನೇ ಗದರಿಕೊಂಡು ಸುಮ್ಮನಾಗಿದ್ದಳು.

ಶನಿವಾರ ಬೆಳಿಗ್ಗೆ ಅವಳು ಎಲ್ಲರ ಸಲಹೆಯನ್ನೂ ಪಕ್ಕಕ್ಕಿಟ್ಟು ತಾನೇ ನೋಡಲು ಕೂತಳು. ಪ್ರೊಸೆಸರಿನ ಬಿಸಿ ಎಷ್ಟಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡು ರೆಂಡರಿಂಗ್ ಹಚ್ಚಿದಳು. ಐವತ್ತು. ಐವತ್ತೈದು. ಐವತ್ತೊಂಬತ್ತು. ಅರವತ್ತು ಕಂಡಿತು, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು. ಅರವತ್ತು, ಕಪ್ಪು. ಮೂರನೆಯ ಸಲ ಕಂಪ್ಯೂಟರಿನ ಡಬ್ಬದ ಪಕ್ಕದ ತಗಡು ತೆಗೆದು, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿಟ್ಟಳು. ಬಿಸಿ ಏರುವುದು ನಿಧಾನವಾಯಿತು, ಅಷ್ಟೆ. ಐವತ್ತೆಂಟಕ್ಕೆ ಬಂದು ಬಹಳ ಹೊತ್ತು ತಡೆದು, ಐವತ್ತೊಂಬತ್ತಕ್ಕೆ ಜಾರಿ, ಅರವತ್ತು ಮುಟ್ಟಿದ ಕ್ಷಣಕ್ಕೆ ಆರಿತು.

ಅವಳು ಕುರ್ಚಿಗೆ ಒರಗಿ ಕೂತಳು. ಕೆಟ್ಟುಹೋದ ಯಂತ್ರಕ್ಕೆ ಇಷ್ಟು ಶಿಸ್ತು ಇರುವುದಿಲ್ಲ. ಕೆಟ್ಟದ್ದು ಒಮ್ಮೆ ಐವತ್ತೇಳಕ್ಕೇ ಆರುತ್ತದೆ, ಒಮ್ಮೆ ಎಪ್ಪತ್ತರವರೆಗೆ ಎಳೆಯುತ್ತದೆ, ಒಮ್ಮೆ ಹಟ ಮಾಡಿ ಸುಟ್ಟೇ ಹೋಗುತ್ತದೆ. ಇದು ಹೇಳಿದ ಮಾತು ಕೇಳುತ್ತಿತ್ತು. ಹಾಗಾದರೆ ಹೇಳಿದವರು ಯಾರು?

ಯಂತ್ರ ಏಳುವಾಗಲೇ ಒಂದು ಕೀಲಿ ಒತ್ತಿದರೆ ಅದರ ಬುಡದ ಸೆಟ್ಟಿಂಗು ತೆರೆಯುತ್ತದೆ. ಒತ್ತಿದಳು. ನೀಲಿ ಪರದೆಯ ನಡುವೆ ಒಂದು ಚೌಕ ಬಂದು ಪಾಸ್‌ವರ್ಡ್ ಕೇಳಿತು.

“ರೀ, ಇದರೊಳಗಿನ ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿದ್ದು ಯಾರು?”

ಗಂಡ ಸೋಫಾದಿಂದ, ಫೋನಿನಿಂದ ತಲೆ ಎತ್ತದೆ, “ವೈರಸ್ ಇರ್ಬೇಕು ಕಣೇ. ಈಗ ಹೊಸದೊಂದು ಬಂದಿದೆಯಂತೆ...”

“ನಾನು,” ಅಂದರು ಮಾವ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಮಾವ ಬಾಯ್ಲರ್ ಇನ್ಸ್‌ಪೆಕ್ಟರಾಗಿ ರಿಟೈರಾದವರು. ಕಾರ್ಖಾನೆಗಳಲ್ಲಿ ಉಗಿ ಕಾಯಿಸುವ ದೈತ್ಯ ಹಂಡೆಗಳನ್ನು ಪರೀಕ್ಷೆ ಮಾಡಿ, ಒತ್ತಡ ಮಿತಿ ಮೀರಿದರೆ ತಾನೇ ಬಾಯಿ ಬಿಟ್ಟು ಉಗಿ ಹೊರಹಾಕುವ ಸೇಫ್ಟಿ ವಾಲ್ವಿಗೆ ಮಿತಿ ಗೊತ್ತು ಮಾಡಿ, ಅದನ್ನು ಯಾರೂ ತಿರುಗಿಸದ ಹಾಗೆ ತಂತಿ ಸುತ್ತಿ, ಸೀಸದ ಸೀಲು ಒತ್ತಿ ಬರುವುದು ಅವರ ಉದ್ಯೋಗವಾಗಿತ್ತು. ಅವರು ಸೀಲು ಒತ್ತಿದ ಒಂದು ಬಾಯ್ಲರೂ ಸಿಡಿದಿರಲಿಲ್ಲ. ಅದು ಅವರ ಜೀವಮಾನದ ಏಕೈಕ ಜಂಬ. ಅದನ್ನೂ ಅವರು ಬಾಯಿಬಿಟ್ಟು ಹೇಳುವವರಲ್ಲ, ಬೇರೆಯವರು ಹೇಳುವ ತನಕ ಸುಮ್ಮನೆ ಕಾಯುವವರು.

“ನೀವಾ?” ಅಂದಳು ಸೊಸೆ.

“ಹೂಂ. ಒಂದು ಮಧ್ಯಾಹ್ನ ನೀನು ಕೆಲಸ ಬಿಟ್ಟು ಎದ್ದ ಮೇಲೆ ಚೆಸ್ ಆಡೋಣ ಅಂತ ಕೂತೆ. ಡಬ್ಬದ ಹಿಂದೆ ಕೈ ಹಿಡಿದ್ರೆ ಹಬೆ ಹೊಡೆದ ಹಾಗೆ ಬಿಸಿ. ಅದರ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ಈ ಮನೇಲಿ ಯಾರೂ ಓದಿರ್ಲಿಲ್ಲ ಬಿಡು, ಪ್ಲಾಸ್ಟಿಕ್ಕೇ ಹರಿದಿರ್ಲಿಲ್ಲ. ಬಿಸಿ ಮಿತಿ ಮೀರಿದ್ರೆ ತಾನೇ ಆಫಾಗೋ ವ್ಯವಸ್ಥೆ ಅದರಲ್ಲೇ ಇದೆ ಕಣಮ್ಮಾ. ಆದ್ರೆ ಮಿತಿ ಎಷ್ಟು ಅಂತ ಯಾರೂ ಇಟ್ಟೇ ಇರ್ಲಿಲ್ಲ. ಬಾಗಿಲು ಇದೆ, ಅಗುಳಿ ಹಾಕಿಲ್ಲ! ನಾನು ಹಾಕಿದೆ. ಇದ್ದದ್ದರಲ್ಲಿ ಎಲ್ಲಕ್ಕಿಂತ ಕೆಳಗಿಂದು, ಅರವತ್ತು. ಯಾರೂ ಮುಟ್ಟಬಾರದು ಅಂತ ಮೇಲೆ ಒಂದು ಪಾಸ್‌ವರ್ಡು.”

“ರಿಪೇರಿಯವನು ಎರಡು ಸಲ ಬಂದು ಹೋದ ಮಾವ. ನೀವು ಇಲ್ಲೇ ಕೂತಿದ್ರಿ.”

“ಅವನು ಪವರ್ ಸಪ್ಲೈ ಕೆಟ್ಟಿದೆ ಅಂದ. ಕೆಟ್ಟಿದ್ರೂ ಕೆಟ್ಟಿರಬಹುದು ಅಂದ್ಕೊಂಡೆ.”

“ಯಾಕೆ ಆಫಾಗ್ತಿದೆ ಅಂತ ನಾನು ತಲೆ ಚಚ್ಚಿಕೊಳ್ತಾ ಇದ್ನಲ್ಲ, ನಿಮ್ಮ ಕಣ್ಣೆದುರಿಗೇ!”

“ಆಫಾಗೋದು ರೋಗ ಅಂದೋರು ನೀವು, ನಾನಲ್ಲ,” ಅಂದರು ಮಾವ ಸಮಾಧಾನವಾಗಿ. “ವಾಲ್ವು ಬಾಯಿ ಬಿಟ್ರೆ ಕೆಟ್ಟಿದೆ ಅಂತಾರಾ? ಸರಿಯಾಗಿದೆ ಅಂತಾರೆ. ಪ್ರತಿ ಸಲ ಕರೆಕ್ಟಾಗಿ ಆಫಾಗ್ತಾ ಇತ್ತು. ಅಲ್ಲದೆ ನಾನೇನು ಕದ್ದುಮುಚ್ಚಿ ಮಾಡಿಲ್ಲ. ಇವನಿಗೆ ಹೇಳಿದ್ದೆ.”

ಮೂವರ ಕಣ್ಣೂ ಸೋಫಾದ ಕಡೆ ತಿರುಗಿದವು. ಮೂರನೆಯ ಜೊತೆ ಕಣ್ಣು ಅಡುಗೆಮನೆಯ ಬಾಗಿಲಲ್ಲಿತ್ತು.

“ನಂಗಾ?” ಅಂದ ಗಂಡ.

“ಹೂಂ ಅಂದ್ಯಲ್ಲೋ.”

“ನಾನು ಎಲ್ಲದಕ್ಕೂ ಹೂಂ ಅಂತೀನಿ ಅಪ್ಪಾ.”

ಇದು ಆ ಮನೆಯಲ್ಲಿ ಬಹಳ ದಿನಗಳ ನಂತರ ಯಾರಾದರೂ ಆಡಿದ ಪೂರ್ತಿ ನಿಜವಾದ ಮಾತು. ಹೊತ್ತು ಮಾತ್ರ ಸರಿಯಿರಲಿಲ್ಲ.

ಸೊಸೆಗೆ ಕಿವಿಯೊಳಗೆ ಏನೋ ಕುದಿಯುವ ಸದ್ದು ಕೇಳಿತು. ಗಂಡನ ಮೇಲಿನ ಸಿಟ್ಟಾದರೆ ಎಸೆಯಲು ಸುಲಭ. ಅದಕ್ಕೆ ಕೈಗೆ ಸಿಕ್ಕಿದ ಶಬ್ದ ಸಾಕು. ಮಾವನ ಮೇಲಿನ ಸಿಟ್ಟನ್ನು ಮಾತ್ರ ಮಡಿಸಿ, ಇಸ್ತ್ರಿ ಮಾಡಿ, ಬಹುವಚನದಲ್ಲಿ ಕೊಡಬೇಕು.

“ಸರಿ ಮಾವ. ಆಗಿದ್ದು ಆಯ್ತು. ಪಾಸ್‌ವರ್ಡ್ ಹೇಳಿ.”

“ಅದು ಆಗಲ್ಲ.”

“ಏನಂದ್ರಿ?”

“ಸೀಲಿನ ಕೀಲಿ ಆಪರೇಟರ್ ಕೈಗೆ ಕೊಡೋದಿಲ್ಲಮ್ಮಾ. ಅದು ನಿಯಮ.”

“ಆಪರೇಟರ್ರಾ?” ಅವಳ ದನಿ ತಾನಾಗಿ ಮೇಲಕ್ಕೆ ಹೋಯಿತು. “ನಾನು ನಿಮ್ಮ ಆಪರೇಟರ್ ಅಲ್ಲ ಮಾವ! ಇದು ನನ್ನ ಮಿಷನ್ನು, ನನ್ನ ಕೆಲಸ. ಇದರಲ್ಲಿ ದುಡಿಯೋಳು ನಾನು. ನೀವು ಇದರಲ್ಲಿ ಚೆಸ್ ಆಡ್ತೀರಿ!”

“ಬಾಯ್ಲರೂ ಕಾರ್ಖಾನೆಯವರದ್ದೇ ಆಗಿರ್ತಿತ್ತು. ‘ಇವತ್ತೊಂದು ದಿನ ಬಿಟ್ಬಿಡಿ ಸಾರ್, ಆರ್ಡರ್ ಮುಗಿಸ್ಕೋತೀವಿ’ ಅಂತ ಕೈಕಾಲು ಹಿಡಿಯೋರು. ಒಬ್ಬ ಅಂತೂ ವಾಲ್ವಿಗೆ ಕಬ್ಬಿಣದ ತುಂಡು ನೇತುಹಾಕಿದ್ದ, ಬಾಯಿ ಬಿಡದೇ ಇರ್ಲಿ ಅಂತ. ನಾನು ಅವತ್ತು ಹೋಗದೇ ಇದ್ದಿದ್ರೆ ಆ ಶೆಡ್ಡಿನಲ್ಲಿದ್ದೋರು ಯಾರೂ ಊಟಕ್ಕೆ ಮನೆಗೆ ಹೋಗ್ತಿರ್ಲಿಲ್ಲ.” ಮಾವನ ಮುಖ ಕೆಂಪಾಗಿತ್ತು. ಅವರ ಸಿಟ್ಟೂ ಸುಳ್ಳಲ್ಲ; ಅದು ಹಳೆಯದು, ಸರಿಯಾದ ಜಾಗದಲ್ಲಿ ಹುಟ್ಟಿ ತಪ್ಪು ಜಾಗಕ್ಕೆ ವರ್ಗವಾಗಿ ಬಂದದ್ದು.

“ಇದು ಸಿಡಿಯೋದಿಲ್ಲ ಮಾವ. ತೊಂಬತ್ತರ ತನಕ ತಡೆಯೋ ಹಾಗೇ ಮಾಡಿರ್ತಾರೆ. ಅದಕ್ಕೂ ಮೇಲೆ ಹೋದ್ರೆ ತಾನೇ ನಿಧಾನ ಆಗುತ್ತೆ.”

“ಯಾರು ಹೇಳಿದ್ದು?”

“ನಾನು ಹೇಳ್ತಾ ಇದ್ದೀನಿ.”

“ನೀನು ಕೆಲಸ ಮುಗಿಸ್ಬೇಕಾದೋಳು. ಮುಗಿಸ್ಬೇಕಾದೋರ ಮಾತು ತಗೊಳ್ಳೋ ಹಾಗಿಲ್ಲ.”

“ಅಪ್ಪ ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ ಕಣೇ,” ಅಂದ ಗಂಡ.

ಅವಳು ಅವನ ಕಡೆ ನೋಡಿದಳು. ಅವನು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ. ಆ ವಾರವೆಲ್ಲ ಅವನು ಮಾಡಿದ ಕೆಲಸಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಸೊಸೆ ರಿಪೇರಿಯವನಿಗೆ ಫೋನು ಹಚ್ಚಿದಳು. “ಒಳಗಿನ ಸೆಟ್ಟಿಂಗ್ ಪಾಸ್‌ವರ್ಡ್ ತೆಗೆಯೋದು ಹೇಗೆ?”

“ಯಾರು ಹಾಕಿದ್ದು ಅಕ್ಕಾ?”

“ಅದು ನಿಮಗೆ ಬೇಡ.”

“ಮನೆಯವರಾ?” ಅವನಿಗೆ ಖುಷಿಯಾಯಿತು. “ನಾನು ಹೇಳಿರ್ಲಿಲ್ವಾ, ನನ್ನ ಕಡೆಯಿಂದ ಏನೂ ತಪ್ಪಿಲ್ಲ ಅಂತ? ನೋಡಿ, ಬೋರ್ಡಿನ ಮೇಲೆ ಬಿಲ್ಲೆ ಥರ ಒಂದು ಬ್ಯಾಟರಿ ಇದೆ. ವೈರು ಕಿತ್ತಿಟ್ಟು, ಅದನ್ನ ಎಬ್ಬಿಸಿ ಸ್ವಲ್ಪ ಹೊತ್ತು ಹೊರಗಿಡಿ. ಎಲ್ಲ ಮರೆತುಹೋಗುತ್ತೆ, ಹುಟ್ಟಿದಾಗ ಹೇಗಿತ್ತೋ ಹಾಗೆ.”

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲದ ಮೇಲೆ ಕೂತಳು. ಮಾವ ಎದ್ದು ನಿಂತರು. ಪೇಪರು ಕೈಯಲ್ಲೇ ಇತ್ತು.

“ಸೀಲು ಒಡೆದು ಮಿಷನ್ ನಡೆಸೋ ಮನೇಲಿ ನಾನು ಒಂದು ಗಳಿಗೆ ಇರೋದಿಲ್ಲ.”

“ಚಪ್ಪಲಿ ಬಾಗಿಲ ಹತ್ರ ಇದೆ,” ಅಂದರು ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು. “ಛತ್ರಿನೂ ತಗೊಳ್ಳಿ, ಬಿಸಿಲಿದೆ. ಮದುವೆಯಾದಾಗಿನಿಂದ ನನ್ನ ಕುಕ್ಕರಿನ ಮುಂದೆ ಗಡಿಯಾರ ಹಿಡ್ಕೊಂಡು ನಿಂತ್ರಿ. ಬೇಳೆ ಬೇಯೋ ಮೊದ್ಲೇ ಒಲೆ ಆರಿಸಿದ್ರಿ. ನಾನು ಗಟ್ಟಿ ಬೇಳೆ ತಿಂದುಕೊಂಡು ಸುಮ್ನಿದ್ದೆ. ಇವಳು ಯಾಕೆ ಇರ್ಬೇಕು?”

ಹೆಂಡತಿಯ ಕಡೆಯಿಂದ ಒತ್ತಡ ಬರಬಹುದೆಂದು ಇನ್ಸ್‌ಪೆಕ್ಟರು ಎಂದೂ ಲೆಕ್ಕ ಹಾಕಿರಲಿಲ್ಲ. ಅವರು ಚಪ್ಪಲಿ ಮೆಟ್ಟಿ, ಛತ್ರಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಗೇಟಿನ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಬ್ಯಾಟರಿ ಉಗುರಿಗೆ ಸಿಕ್ಕಿ ಟಿಕ್ ಎಂದು ಎದ್ದುಬಂತು. ಸೊಸೆ ಅದನ್ನು ಮಾವನ ಕುರ್ಚಿಯ ಮುಂದೆ ಮೇಜಿನ ಮೇಲಿಟ್ಟಳು. ಹಾಗೆ ಇಡುವ ಅಗತ್ಯವಿರಲಿಲ್ಲ, ಸಿಟ್ಟಿಗೆ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದಳು. ಯಂತ್ರ ಎಲ್ಲವನ್ನೂ ಮರೆತು, ಇವತ್ತು ಯಾವ ತಾರೀಕು ಎಂದು ಕೇಳುತ್ತ ಎದ್ದಿತು. ಮಿತಿಯ ಜಾಗ ಖಾಲಿಯಿತ್ತು. ಅವಳು ಮತ್ತೆ ರೆಂಡರಿಂಗ್ ಹಚ್ಚಿದಳು.

ಅರವತ್ತು ಬಂತು. ಅರವತ್ತೊಂದು. ಅತ್ತೆ ಹಿಂದೆ ನಿಂತು, “ದಾಟ್ತಾ?” ಅಂದರು. ಎಪ್ಪತ್ತು. ಎಪ್ಪತ್ತೆಂಟು. ವಾರ್ಡಿನ ಬಾಗಿಲ ಬಳಿಯ ಮಂಚದ ಮೇಲೆ ಬಿಸಿಲಿನ ಮೊದಲ ಪಟ್ಟಿ ಬಿದ್ದು, ಮುಂದಿನ ಚಿತ್ರದಲ್ಲಿ ಕೂದಲೆಳೆಯಷ್ಟು ಸರಿಯಿತು.

ಮಾವ ಊಟದ ಹೊತ್ತಿಗೆ ಬಂದರು. ಊಟಕ್ಕೆ ಬಂದದ್ದಲ್ಲ ಎಂದು ತೋರಿಸಲು ಊಟದ ಮೇಜಿನ ಕಡೆ ನೋಡದೆ, ಅಲ್ಲಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ಡಬ್ಬದ ಪಕ್ಕ ಹಾಕಿ ಕೂತರು. ಡ್ಯೂಟಿಯ ಮೇಲಿರುವವರ ಕೂರುವಿಕೆ. ಮೂಲೆಯ ಅಂಕಿಯ ಮೇಲೆ ನೆಟ್ಟ ಕಣ್ಣು ತೆಗೆಯಲಿಲ್ಲ.

“ಎಂಬತ್ತೊಂದು,” ಅಂದರು ಕೊನೆಗೆ.

ಸೊಸೆ ಮುಗಿದ ಚಿತ್ರಗಳನ್ನು ಎಣಿಸಿದಳು.

“ಆವಾಗಿನಿಂದ ಎಂಬತ್ತೊಂದೇ ಇದೆ. ಏರ್ತಾ ಇಲ್ಲ. ನಿಂತಿದೆ.” ಕಸುಬುದಾರನ ಕಣ್ಣಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಷ್ಟು ಮಟ್ಟಿಗೆ ಅವರು ಪ್ರಾಮಾಣಿಕರು. “ಅರವತ್ತು ಸ್ವಲ್ಪ ಕಡಿಮೆ ಆಯ್ತೇನೋ. ಎಂಬತ್ತೈದು ಅಂತ ಇಟ್ಟಿದ್ರೂ ನಡೀತಿತ್ತು.”

“ಎಷ್ಟು ಇಟ್ಟಿದ್ರಿ ಅನ್ನೋದಲ್ಲ ಮಾವ,” ಅಂದಳು ಸೊಸೆ ಪರದೆಯಿಂದ ಕಣ್ಣು ತೆಗೆಯದೆ. “ಕೇಳಿದ್ರೆ ನಡೀತಿತ್ತು.”

“ಯಾರನ್ನ?”

ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಾಯ್ಲರಿನ ಪಕ್ಕ ನಿಂತವನನ್ನು, ಮಿತಿ ಎಷ್ಟಕ್ಕೆ ಇಡಲಿ ಎಂದು ಅವರು ಆಯುಷ್ಯವಿಡೀ ಕೇಳಿದ್ದೇ ಇಲ್ಲ. ಕೇಳಬಾರದೆಂಬುದೇ ಕಸುಬು. ಇದು ಹೊಳೆದದ್ದರಿಂದ ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

“ನನ್ನನ್ನ,” ಅಂದಳು. “ನಾನು ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತಿರ್ತೀನಲ್ಲ, ನನ್ನನ್ನ. ‘ಏನಮ್ಮಾ, ಬಿಸಿಯಾಗ್ತಿದೆ, ಏನು ಮಾಡೋಣ’ ಅಂತ ಒಂದು ಮಾತು. ನಿಮ್ಮ ಮಗನಿಗೆ ಹೇಳಿದ್ರಿ. ಅವರಿಗೂ ಈ ಮಿಷನ್ನಿಗೂ ಏನು ಸಂಬಂಧ? ಕೆಲಸ ಕೈಬಿಟ್ಟು ಹೋಗ್ತಿದ್ದದ್ದು ನಂದು. ನಾನು ಮತ್ತೆ ಬಚ್ಚಲು ಬರೆದುಕೊಂಡು ಕೂರ್ಬೇಕಾಗಿತ್ತು, ಮಾವ. ಯಾಕೆ ಅಂತ ಕೂಡ ಗೊತ್ತಿಲ್ಲದೆ.”

ಮಾವ ಅಂಕಿಯನ್ನೇ ನೋಡಿದರು. ಅದು ಎಂಬತ್ತೊಂದರಲ್ಲೇ ಇತ್ತು, ಅವರ ನೆರವಿಗೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಬಿಸಿಲು ಕೊನೆಯ ಮಂಚಕ್ಕೆ ಬಂದು ಹೊದಿಕೆಯ ತುದಿಯಲ್ಲಿ ಮಾಯವಾಯಿತು. ಸೊಸೆ ಸಿನಿಮಾವನ್ನು ಆರ್ಕಿಟೆಕ್ಟರಿಗೆ ಕಳಿಸಿದಳು. ಅವರು ಕೂಡಲೇ ಫೋನು ಮಾಡಿದರು.

“ತುಂಬ ಚೆನ್ನಾಗಿ ಬಂದಿದೆಮ್ಮಾ. ಬೆಳಗಿನ ಬೆಳಕಂತೂ... ಆದ್ರೆ ಆ ನೀಲಿ ಪರದೆಗಳಿವೆಯಲ್ಲ, ಮಂಚಗಳ ಮಧ್ಯೆ? ಕಮಿಟಿಯ ಅಧ್ಯಕ್ಷರಿಗೆ ನೀಲಿ ಆಗಲ್ವಂತೆ, ಈಗ ತಾನೇ ಹೇಳಿದ್ರು. ಹಸಿರು ಮಾಡಿ ಕಳಿಸ್ಬಿಡಿ, ನಾಳೆ ಬೆಳಿಗ್ಗೆ ಸಿಕ್ಕಿದ್ರೆ ಸಾಕು. ಮೂಲೇಲಿ ನಿಮ್ಮ ಹೆಸರು ಚಿಕ್ಕದಾಯ್ತು. ಸ್ವಲ್ಪ ದೊಡ್ಡದು ಹಾಕಿ, ಹಿಂದೆ ಕೂತೋರಿಗೂ ಕಾಣ್ಲಿ.”

ಅವಳು ಫೋನಿಟ್ಟು, ಅಧ್ಯಕ್ಷರನ್ನು ಮನಸ್ಸಿನಲ್ಲೇ ಏಕವಚನದಲ್ಲಿ ಚೆನ್ನಾಗಿ ಬೈದು, ಪರದೆಗಳಿಗೆ ಹಸಿರು ಬಳಿದಳು. ಮಾವ ಊಟದ ಮೇಜಿನಿಂದ ಎದ್ದು ಬಂದರು.

“ಮತ್ತೆ ಮೊದಲಿಂದಾನಾ?”

“ಮೊದಲಿಂದ.”

ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಎಳೆಯಲಿಲ್ಲ. ಗಂಟಲು ಸರಿಮಾಡಿಕೊಂಡರು. ಅಭ್ಯಾಸವಿಲ್ಲದ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು.

“ನಾನು ಇಲ್ಲಿ... ಬಿಸಿ ನೋಡ್ತಾ ಕೂತ್ಕೊಳ್ಳಲಾ?”

ಸೊಸೆ ಅವರ ಕಡೆ ತಿರುಗಿದಳು. ಕೇಳಿದ್ದರು. ಕೇಳಿದರೆಂದು ಒಳಗೆ ಏನೋ ಕರಗಲು ಹೊರಟಿತು. ಅವಳು ಅದನ್ನು ಕರಗಲು ಬಿಡಲಿಲ್ಲ. ಕೇಳಿದ ಮೇಲೆ ಉತ್ತರ ಯಾವುದಾದರೂ ಇರಬಹುದು.

“ಬೇಡ ಮಾವ,” ಅಂದಳು. “ನಾನಿದ್ದೀನಿ. ನಾನು ನೋಡ್ಕೋತೀನಿ.”

ಮಾವ “ಹೂಂ” ಎಂದು, ಕುರ್ಚಿಯನ್ನು ನೆಲಕ್ಕೆ ತಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಊಟದ ಮೇಜಿಗೆ ಸೇರಿಸಿದರು. ಅವಳು ರೆಂಡರಿಂಗಿನ ಗುಂಡಿ ಒತ್ತಿದಳು.